ಕಚೇರಿಗೆ ಎಐ: ಒಂದೇ ಅರ್ಜಿ, ಮೂರು ದಾರಿ

"ಪಿಂಚಣಿ ಬಿಟ್ಟರೆ ನನಗೆ ಬೇರೆ ಆದಾಯವಿಲ್ಲ. ಚರಂಡಿ ನೀರು ಮನೆಯೊಳಗೆ ನುಗ್ಗುತ್ತಿದೆ. ಎರಡು ಸಲ ಬರೆದರೂ ಯಾರೂ ಬಂದು ನೋಡಿಲ್ಲ."

ನಮ್ಮ ಸೆಕ್ಷನ್‌ಗೆ ಬಂದ ಅರ್ಜಿಯ ಸಾರ ಇಷ್ಟು. ಅರ್ಜಿ ನೋಡುವ ಕೆಲಸಕ್ಕೆ ಯಾವುದು ಆದೀತು ಎಂದು ತಿಳಿಯಲು, ಹೆಸರು, ವಿಳಾಸ ತೆಗೆದು ಇದನ್ನು ಮೂರು ವ್ಯವಸ್ಥೆಗಳಿಗೆ ಕೊಟ್ಟು ನೋಡಿದೆ.

ಪದ ಹುಡುಕಿ ವಿಂಗಡಿಸುವ ಹಳೇ ಸಾಫ್ಟ್‌ವೇರ್ 'ಪಿಂಚಣಿ' ಕಂಡ ಕೂಡಲೇ ಪಿಂಚಣಿ ಶಾಖೆಗೆ ತಳ್ಳಿತು. ಹಳೆಯದು, ಸರಳ, ಹಾಗಾಗಿ ಅಪಾಯವಿಲ್ಲ ಅಂತ ಸುಮ್ನೆ ನಂಬಬಾರದು. ಸರ್ಕಾರಿ ನೆರವು ಪಡೆದವರಿಂದ ಬಾಕಿ ವಸೂಲಿ ಮಾಡಲು ಆಸ್ಟ್ರೇಲಿಯಾ ಸರ್ಕಾರ ತಂದ 'ರೋಬೋಡೆಟ್' ವ್ಯವಸ್ಥೆ ನಡೆದದ್ದೂ ಸರಳ ಲೆಕ್ಕದಿಂದಲೇ. ವರ್ಷದ ಆದಾಯವನ್ನು ಎರಡೆರಡು ವಾರಗಳ ಕಂತುಗಳಿಗೆ ಸಮನಾಗಿ ಹಂಚಿ, ಇಲ್ಲದ ಬಾಕಿ ಕಟ್ಟಿ ಎಂದು ಜನರಿಗೆ ನೋಟಿಸ್ ಕಳಿಸಿದರು. ಅದರ ಬಗ್ಗೆ ರಾಯಲ್ ಕಮಿಷನ್ (ಸರ್ಕಾರ ನೇಮಿಸಿದ ತನಿಖಾ ಆಯೋಗ) ವರದಿ ಬಂದದ್ದು 2023ರಲ್ಲಿ.

ಇಂಟರ್ನೆಟ್‌ನಲ್ಲಿ ಸಿಗುವ ದೊಡ್ಡ ಚಾಟ್‌ಬಾಟ್ ವಿಷಯ ಚರಂಡಿಯದ್ದು ಅಂತ ತಕ್ಷಣ ಹಿಡಿಯಿತು. ಉತ್ತರದ ಕರಡೂ ಚೆನ್ನಾಗಿತ್ತು. ಆದರೆ ಕೊನೆಯ ಸಾಲು ಓದಿ ಎದೆ ಧಸಕ್ಕೆಂದಿತು: "ಏಳು ದಿನಗಳೊಳಗೆ ಸರಿಪಡಿಸಲಾಗುವುದು." ಆ ಮಾತನ್ನು ಯಾವ ಅಧಿಕಾರಿಯೂ ಕೊಟ್ಟಿರಲಿಲ್ಲ. ಸಹಿ ಬಿದ್ದು ಹೋಗಿದ್ದರೆ ಅದು ಸರ್ಕಾರದ ಮಾತೇ ಆಗುತ್ತಿತ್ತು, ಅಲ್ವಾ? ಜೊತೆಗೆ ಜನರ ಕಷ್ಟದ ಕಾಗದ ಹೊರಗಿನ ಸರ್ವರ್‌ಗೆ ಹೋಗುತ್ತದೆ. ದಿನನಿತ್ಯದ ಅರ್ಜಿಗಳಿಗೆ ಇದನ್ನು ನಾನು ಒಪ್ಪಲಾರೆ.

ಮೂರನೆಯದು ಕಚೇರಿಯ ಕಂಪ್ಯೂಟರ್‌ನಲ್ಲೇ ಓಡುವ, 800 ಕೋಟಿ ಪ್ಯಾರಾಮೀಟರ್‌ಗಳ (ಮಾಡೆಲ್ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳು), ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ಎಐ ಮಾಡೆಲ್. ಪ್ರತಿ ಸಂಖ್ಯೆಯನ್ನೂ 4 ಬಿಟ್‌ಗೆ ಕುಗ್ಗಿಸಿದರೆ ಸುಮಾರು 5 ಜಿಬಿ ಅಷ್ಟೇ. ನೆಟ್ ತಂತಿ ಕಿತ್ತರೂ ಕೆಲಸ ಮಾಡುತ್ತದೆ. ನಿಧಾನ, ಅದು ನಿಜ. ಇಂಥ ಮಾಡೆಲ್‌ಗಳು ಕನ್ನಡ ಪದವನ್ನು ಇಂಗ್ಲಿಷ್ ಪದಕ್ಕಿಂತ ಜಾಸ್ತಿ ತುಂಡು ಮಾಡಿ ಓದುತ್ತವೆ, ಹಾಗಾಗಿ ಕನ್ನಡಕ್ಕೆ ಹೊತ್ತು ಹೆಚ್ಚು. ತಪ್ಪೂ ಮಾಡಿತು. "ಯಾರೂ ಬಂದು ನೋಡಿಲ್ಲ" ಎಂಬುದು ಸಾರಾಂಶದಲ್ಲಿ "ಬಂದು ನೋಡಿದ್ದಾರೆ" ಎಂದಾಗಿತ್ತು. ಒಂದು 'ಇಲ್ಲ' ಬಿಟ್ಟುಹೋದರೆ ಆ ಮನೆಯೊಳಗೆ ನೀರು ನುಗ್ಗುತ್ತಲೇ ಇರುತ್ತದೆ.

ಆದರೂ ನಾನು ಆರಿಸಿದ್ದು ಇದನ್ನೇ. ಕಾಗದ ಕಚೇರಿ ದಾಟುವುದಿಲ್ಲ. ಕೇಳಿದ್ದೇನು, ಅದು ಹೇಳಿದ್ದೇನು ಎಲ್ಲವನ್ನೂ ನಮ್ಮ ಕಡತದಲ್ಲೇ ಇಟ್ಟುಕೊಳ್ಳಬಹುದು. ಮೂಲ ಅರ್ಜಿ ಎಡಕ್ಕೆ, ಸಾರಾಂಶ ಬಲಕ್ಕೆ ಕಾಣುವಂತೆ ಪರದೆ ಮಾಡಿಸಿದ್ದೇವೆ. ಎರಡನ್ನೂ ಓದದೆ ಮುಂದಿನ ಅರ್ಜಿಗೆ ಹೋಗುವುದಿಲ್ಲ. ತೀರ್ಮಾನದ ಖಾನೆಯನ್ನು ಖಾಲಿ ಬಿಟ್ಟಿದ್ದೇವೆ. ಅದನ್ನು ವಿಷಯ ನಿರ್ವಾಹಕರೇ ತುಂಬಿ, ತಮ್ಮ ಹೆಸರು ಹಾಕುತ್ತಾರೆ.