ಬೋರಲು ಮಲಗಿಸುವುದಾ, ನೈಟ್ರಿಕ್ ಆಕ್ಸೈಡಾ?

ಕೋಲಾರದ ಐಸಿಯುನಲ್ಲಿ ನಿಮ್ಮವರು ವೆಂಟಿಲೇಟರ್ ಮೇಲಿದ್ದಾರೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಬಲಭಾಗ ಉಬ್ಬಿದೆ ಅಂದುಕೊಳ್ಳಿ. ಎಆರ್‌ಡಿಎಸ್‌ನಲ್ಲಿ, ಅಂದರೆ ಶ್ವಾಸಕೋಶದೊಳಗೆ ನೀರು ತುಂಬಿ ಆಕ್ಸಿಜನ್ ಕುಸಿಯುವ ಕಾಯಿಲೆಯಲ್ಲಿ, ಶ್ವಾಸಕೋಶದ ರಕ್ತನಾಳಗಳು ಬಿಗಿದು ಒತ್ತಡ ಏರುತ್ತದೆ, ಬಲಹೃದಯ ಒದ್ದಾಡುತ್ತದೆ. ಆಗ ಎದುರಿಗೆ ಬರುವ ಎರಡು ದಾರಿ: ಉಸಿರಿನ ಜೊತೆ ನೈಟ್ರಿಕ್ ಆಕ್ಸೈಡ್ ಕೊಡುವುದು, ಇಲ್ಲವೇ ಬೋರಲು ಮಲಗಿಸುವುದು.

ನೈಟ್ರಿಕ್ ಆಕ್ಸೈಡ್ ಗ್ಯಾಸ್ ಆ ನಾಳಗಳನ್ನೇ ಸಡಿಲಿಸುತ್ತದೆ. ಆಕ್ಸಿಜನ್ ಬೇಗ ಏರುತ್ತದೆ. ಆದರೆ ಜೀವ ಉಳಿಸುತ್ತದೆ ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ, ಕಿಡ್ನಿಗೂ ಪೆಟ್ಟು ಬೀಳಬಹುದು. ದುಬಾರಿ ಬೇರೆ.

ಬೋರಲು ಮಲಗಿಸಲು ನಾಲ್ಕೈದು ಜನ ಬೇಕು, ಗಂಟಲಿನ ಟ್ಯೂಬ್ ಹಿಡಿಯಲು ಒಬ್ಬರು. ದಿನಕ್ಕೆ ಸುಮಾರು 16 ಗಂಟೆ. ಮುಖ ಊದುತ್ತದೆ, ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಆದರೂ ಬಲಹೃದಯದ ಹೊರೆ ಇಳಿಯುತ್ತದೆ. ತೀವ್ರ ಎಆರ್‌ಡಿಎಸ್ ಬಗ್ಗೆ 2013ರಲ್ಲಿ ಬಂದ ಅಧ್ಯಯನದಲ್ಲಿ, 28 ದಿನದೊಳಗಿನ ಸಾವು ಅಂಗಾತ ಮಲಗಿದ್ದವರಲ್ಲಿ ಶೇ 32.8, ಬೋರಲು ಮಲಗಿದವರಲ್ಲಿ ಶೇ 16.

ನನ್ನ ಕೇಳಿದರೆ ಮೊದಲು ಬೋರಲು. ಬರೀ ಗ್ಯಾಸ್‌ಗೋಸ್ಕರ ಬೆಂಗಳೂರಿಗೆ ಸಾಗಿಸೋಣ ಅಂದರೆ, "ಬೋರಲು ಮಲಗಿಸಿ ನೋಡಿದ್ರಾ ಡಾಕ್ಟ್ರೇ?" ಅಂತ ಕೇಳಿ.