ಹಳೆಯ 386ಕ್ಕೆ ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯಾಸ್: ಉಚಿತ, ಆದರೆ ಅವಸರಕ್ಕಲ್ಲ

386ರಂತಹ ಹಳೆಯ ಪಿಸಿಗಳ ಬಯಾಸ್ (ಪಿಸಿ ಚಾಲೂ ಆದಾಗ ಮೊದಲು ಓಡುವ, ಮದರ್‌ಬೋರ್ಡ್ ಚಿಪ್‌ನಲ್ಲಿರುವ ಪ್ರೋಗ್ರಾಮ್) ಡಿಸ್ಕ್ ಅಳೆಯುವಾಗ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ದಾಟಿ ನೋಡುವುದಿಲ್ಲ. ಹಾಗಾಗಿ ಹಾರ್ಡ್ ಡಿಸ್ಕ್ ಬದಲು 4 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿದರೂ ಸಿಗುವುದು ಸುಮಾರು 528 ಎಂಬಿ ಮಾತ್ರ. ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯಾಸ್ ಎಂಬ ಫರ್ಮ್‌ವೇರ್ (ಚಿಪ್‌ನೊಳಗೆ ಕೂರುವ ಪ್ರೋಗ್ರಾಮ್) ಆ ಗೋಡೆಯನ್ನು ಒಡೆಯುತ್ತದೆ, ಅದೂ ಮದರ್‌ಬೋರ್ಡ್ ಚಿಪ್ ಮುಟ್ಟದೆ.

ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ 28ಸಿ64 ಚಿಪ್‌ಗೆ ಬರೆದು, ಐಎಸ್ಎ (ಹಳೆಯ ಪಿಸಿಗಳ ಸ್ಲಾಟ್) ನೆಟ್‌ವರ್ಕ್ ಕಾರ್ಡಿನ ಬೂಟ್ ರಾಮ್ (ROM, ಪಿಸಿ ಏಳುವಾಗ ಓದುವ ಚಿಪ್) ಸಾಕೆಟ್‌ನಲ್ಲಿ ಕೂರಿಸಿದರೆ ಸಾಕು. 27ಸಿ64 ಕೂಡ ಆಗುತ್ತದೆ, ಆದರೆ ಪ್ರತಿ ತಪ್ಪಿಗೂ ಯುವಿ ದೀಪದಡಿ ಅಳಿಸುತ್ತ ಕೂರಬೇಕು. ಕಾರ್ಡಿನ ಸೆಟಪ್‌ನಲ್ಲಿ ಬೂಟ್ ರಾಮ್ ಚಾಲೂ ಮಾಡಿ, ಮೆಮೊರಿ ವಿಳಾಸ ಸಿ800 ಕೊಡಿ. ಸ್ಕಸಿ (ಇನ್ನೊಂದು ಬಗೆಯ ಡಿಸ್ಕ್) ಕಾರ್ಡಿನ ರಾಮ್ ಅಲ್ಲೇ ಇದ್ದರೆ ಬೇರೆ ವಿಳಾಸ ಹುಡುಕಿ. ಮದರ್‌ಬೋರ್ಡ್‌ನ ಬಯಾಸ್ ಸೆಟಪ್‌ನಲ್ಲಿ ಡಿಸ್ಕ್ 'ಇಲ್ಲ' ಎಂದೇ ಇರಲಿ.

ಬಹಳ ಜನ ಎಡವುವುದು ಒಂದೇ ಕಡೆ: ಡೌನ್‌ಲೋಡ್ ಮಾಡಿದ ಫೈಲನ್ನು ನೇರವಾಗಿ ಚಿಪ್‌ಗೆ ಸುರಿಯುವುದು. ಜೊತೆಗೆ ಬರುವ ಕಾನ್ಫಿಗರೇಷನ್ ಪ್ರೋಗ್ರಾಮಿನಲ್ಲಿ ತೆರೆದು ಉಳಿಸಿದಾಗಲೇ ಚೆಕ್‌ಸಮ್ (ಫೈಲ್ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಸೇರುತ್ತದೆ. ಬೈಟ್‌ಗಳ ಮೊತ್ತವನ್ನು 256ರಿಂದ ಭಾಗಿಸಿದಾಗ ಶೇಷ ಸೊನ್ನೆಯಾಗದಿದ್ದರೆ ಮದರ್‌ಬೋರ್ಡ್ ಬಯಾಸ್ ಈ ರಾಮನ್ನು ಓಡಿಸುವುದೇ ಇಲ್ಲ. 386ರ ಆವೃತ್ತಿಯನ್ನು 286ಕ್ಕೆ ಹಾಕಲೂಬೇಡಿ.

ಹಳೆಯ ಪಿಸಿಯನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ 86ಬಾಕ್ಸ್ ಎಮ್ಯುಲೇಟರ್‌ನಲ್ಲೂ ಎಕ್ಸ್‌ಟಿಐಡಿಇ ಕಂಟ್ರೋಲರ್ ಇದೆ. ಮೊದಲು ಅಲ್ಲಿ ಕೈ ಪಳಗಿಸಿಕೊಳ್ಳಿ. ಅದರ ರಾಮ್ ಫೈಲ್‌ಗಳನ್ನು ಮಾತ್ರ ಬೇರೆಯಾಗಿ ತರಬೇಕು. ಎಂಎಸ್-ಡಾಸ್ 6.22ರ ಪಾರ್ಟಿಷನ್‌ಗೆ 2 ಜಿಬಿಯೇ ಮಿತಿ, ಅದಕ್ಕೆ ಈ ಬಯಾಸ್‌ನಲ್ಲೂ ಮದ್ದಿಲ್ಲ.