ಕಣಕ್ಕೆ ಮೂರು ಬಗೆಯ ಕ್ಯಾಮೆರಾ: ರಾತ್ರಿಯಿಡೀ ರೆಕಾರ್ಡ್ ಆಗಿದ್ದು ಯಾವುದು?

ಕೊಯ್ಲಿನ ಹೊತ್ತಿಗೆ ಕಾಫಿ ಒಣಗಿಸುವ ನಮ್ಮ ಕಣದಿಂದ ಎರಡು ಮೂಟೆ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ, ಕಳುವಾಗಿ ಹೋಯಿತು. ಬೆಳಿಗ್ಗೆ ಮೂಟೆ ಎಣಿಸಿ ಬಂದ ಅಪ್ಪಯ್ಯ "ಕ್ಯಾಮೆರಾದಲ್ಲಿ ನೋಡೋ" ಅಂದರು. ನೋಡಿದೆ. ರಾತ್ರಿ ಒಂದೂವರೆಯವರೆಗೆ ಚಿತ್ರ ಇದೆ, ಆಮೇಲೆ ಒಂದೇ ಸಲ ನಾಲ್ಕು ಗಂಟೆ. ನಡುವೆ ಖಾಲಿ. ಮೂಟೆಯ ದುಡ್ಡಿಗಿಂತ ನನ್ನನ್ನು ಕಾಡಿದ್ದು ಬೇರೆ. ಆ ಎರಡೂವರೆ ಗಂಟೆಯ ಖಾಲಿ ಜಾಗಕ್ಕೆ ಲೈನ್ ಮನೆಯವರ ಮೇಲೆ ಅನುಮಾನ ಬಂತು. ಇಪ್ಪತ್ತು ವರ್ಷದಿಂದ ನಮ್ಮ ತೋಟದಲ್ಲಿ ದುಡಿದವರು ಅವರು. ತಪ್ಪು ಮಾಡಿಲ್ಲ ಅಂತ ತೋರಿಸಲು ಅವರ ಹತ್ತಿರವೂ ಏನೂ ಇರಲಿಲ್ಲ.

ಹಾಗಾಗಿ ಜನವರಿಯಿಂದ ಮೇವರೆಗೆ ಅದೇ ಕಣಕ್ಕೆ ಮೂರು ಬಗೆಯ ವ್ಯವಸ್ಥೆ ಹಾಕಿ ನೋಡಿದೆ. ನಮ್ಮದು ಮೂಡಿಗೆರೆ ಕಡೆಯ ತೋಟ. ಮಂಜು, ಗುಡುಗು, ಹೋಗಿ ಬರುವ ಕರೆಂಟು, ಇವನ್ನೆಲ್ಲ ಸೇರಿಸಿಯೇ ಇದನ್ನು ಓದಿ.

ಮೊದಲಿಂದ ಇದ್ದದ್ದು ಮೆಮೊರಿ ಕಾರ್ಡಿನ ವೈಫೈ ಕ್ಯಾಮೆರಾ. ಮೊಬೈಲಲ್ಲಿ ತೆರೆದರೆ ಕಣ ಚೆನ್ನಾಗಿ ಕಾಣುತ್ತಿತ್ತು, ನಾನು ಮೋಸ ಹೋಗಿದ್ದೇ ಅಲ್ಲಿ. ಲೈವ್ ಕಂಡರೆ ರೆಕಾರ್ಡ್ ಆಗುತ್ತಿದೆ ಅಂತ ಅರ್ಥವಲ್ಲ. ಸೆಟ್ಟಿಂಗ್ಸ್ ತೆರೆದರೆ ಏನಾದರೂ ಅಲುಗಾಡಿದಾಗ ಮಾತ್ರ ರೆಕಾರ್ಡ್ ಮಾಡು ಅಂತ ಇತ್ತು. ನಮ್ಮ ಮಂಜಿನಲ್ಲಿ ಅದನ್ನು ನಂಬುವ ಹಾಗಿಲ್ಲ. ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ ಐಆರ್ (ಅವಗೆಂಪು) ಬೆಳಕು ರಾತ್ರಿ ಮಂಜಿಗೆ ಹೊಡೆದು ವಾಪಸ್ ಬರುತ್ತದೆ. ಗಾಜಿನ ಮುಂದೆ ಜೇಡ ಬಲೆ ಕಟ್ಟಿದರಂತೂ ಚಿತ್ರವೆಲ್ಲ ಬೆಳ್ಳಗೆ, ಅದರ ಹಿಂದೆ ಮನುಷ್ಯ ನಡೆದರೂ ಗೊತ್ತಾಗುವುದಿಲ್ಲ. ಸದಾ ರೆಕಾರ್ಡ್ ಆಗುವಂತೆ ಬದಲಿಸಿದೆ. ನಾಲ್ಕು ದಿನ ನಡೆಯಿತು, ಐದನೆಯ ದಿನ ಕಾರ್ಡ್ ನಿಂತೇ ಹೋಯಿತು.

2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ಗಂಟೆಗೆ ಸುಮಾರು 900 ಎಂಬಿ, ದಿನಕ್ಕೆ 21 ಜಿಬಿ ದಾಟುತ್ತದೆ. 128 ಜಿಬಿ ಕಾರ್ಡ್ ಐದಾರು ದಿನಕ್ಕೆ ತುಂಬಿ, ಹಳೆಯದರ ಮೇಲೆ ಮತ್ತೆ ಬರೆಯಲು ಶುರು ಮಾಡುತ್ತದೆ. ಹೀಗೆ ಹಗಲುರಾತ್ರಿ ಬರೆಸಿಕೊಳ್ಳುವುದು ಫೋನಿಗೆ ಹಾಕುವ ಕಾರ್ಡಿನ ಕೆಲಸವಲ್ಲ. ಕ್ಯಾಮೆರಾಗೆಂದೇ ಬರುವ ಹೈ ಎಂಡ್ಯೂರೆನ್ಸ್ ಕಾರ್ಡ್ ಹಾಕಿದ ಮೇಲೆ ಕರೆಂಟ್ ಹೋದಾಗ ಬಿಟ್ಟರೆ ಬೇರೆ ಗ್ಯಾಪ್ ಬರಲಿಲ್ಲ. ಆದರೂ ಕಣಕ್ಕೆ ಇದು ಬೇಡ ಅನ್ನುತ್ತೇನೆ. ಕ್ಯಾಮೆರಾ ಕಿತ್ತುಕೊಂಡು ಹೋದರೆ ರೆಕಾರ್ಡಿಂಗೂ ಅದರ ಜೊತೆಗೇ ಹೋಗುತ್ತದೆ. ಈಗ ಅದನ್ನು ಮನೆಯೊಳಗೆ, ಜಗಲಿಯ ಮೂಲೆಯಲ್ಲಿ ಇಟ್ಟಿದ್ದೇನೆ.

ಎರಡನೆಯ ವ್ಯವಸ್ಥೆ ಡಿವಿಆರ್, ಅಂದರೆ ಎಲ್ಲ ಕ್ಯಾಮೆರಾದ ಚಿತ್ರವನ್ನೂ ಒಂದೇ ಡಿಸ್ಕಿಗೆ ಬರೆಯುವ ಪೆಟ್ಟಿಗೆ. ಅದಕ್ಕೆ ನಾಲ್ಕು ಕ್ಯಾಮೆರಾ, ಕಪ್ಪು ಕೇಬಲ್. ಅತಿ ಹೆಚ್ಚು ಒದ್ದಾಡಿದ್ದು ಇದರ ಜೊತೆ, ಅತಿ ಹೆಚ್ಚು ಕಲಿತಿದ್ದೂ ಇದರಿಂದಲೇ. ದಿನಾ ಬೆಳಿಗ್ಗೆ ಹಿಂದಿನ ರಾತ್ರಿಯ ಪಟ್ಟಿ ತೆರೆದು ಎಲ್ಲಿ ಖಾಲಿ ಇದೆ ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಹದಿನೈದು ದಿನಕ್ಕೆ ದಾರಿ ಕಂಡಿತು. ಒಂದೇ ಕ್ಯಾಮೆರಾದಲ್ಲಿ ಖಾಲಿ ಇದ್ದರೆ ತಪ್ಪು ಆ ಕ್ಯಾಮೆರಾದ ತಂತಿಯಲ್ಲಿ, ಪಿನ್ನಿನಲ್ಲಿ. ನಾಲ್ಕೂ ಒಟ್ಟಿಗೆ ಖಾಲಿ ಇದ್ದರೆ ತಪ್ಪು ಡಿಸ್ಕಿನಲ್ಲಿ ಅಥವಾ ಕರೆಂಟಿನಲ್ಲಿ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕ್ಯಾಮೆರಾ ಹಗಲೆಲ್ಲ ಸರಿ, ಕತ್ತಲಾದರೆ ಹೋಗಿ ಬಂದು ಮಾಡುತ್ತಿತ್ತು. ಹಾಕಿಕೊಟ್ಟವರು ಕ್ಯಾಮೆರಾ ಬದಲಿಸಿ ಅಂದರು. ನಾನು ಮಲ್ಟಿಮೀಟರ್ ಹಿಡಿದೆ. ಸಪ್ಲೈ ಹತ್ತಿರ 12 ವೋಲ್ಟ್ ಚಿಲ್ಲರೆ, ಎಪ್ಪತ್ತು ಮೀಟರ್ ತೆಳು ತಂತಿ ದಾಟಿ ಕ್ಯಾಮೆರಾ ಹತ್ತಿರ ಬರುವಾಗ ಹತ್ತೂವರೆ. ಹಗಲು ಅಷ್ಟರಲ್ಲೇ ನಡೆಯುತ್ತದೆ. ರಾತ್ರಿ ಐಆರ್ ದೀಪ ಹತ್ತಿದಾಗ ಕರೆಂಟ್ ಎಳೆಯುವುದು ಹೆಚ್ಚಾಗಿ ವೋಲ್ಟೇಜ್ ಇನ್ನೂ ಕುಸಿದು ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಪಲ್ಪರ್ ಮನೆಯಲ್ಲಿ ಇನ್ವರ್ಟರ್ ಲೈನ್ ಇತ್ತು, ಅಲ್ಲೇ ಒಂದು 12 ವೋಲ್ಟ್ ಅಡಾಪ್ಟರ್ ಕೊಟ್ಟೆ. ಅದೇ ಕ್ಯಾಮೆರಾ ಇವತ್ತಿಗೂ ನಡೆಯುತ್ತಿದೆ.

ನಾಲ್ಕೂ ಒಟ್ಟಿಗೆ ನಿಲ್ಲುತ್ತಿದ್ದುದಕ್ಕೆ ಮೂರು ಕಾರಣ ಸಿಕ್ಕವು. ಹಳೆಯ ಕಂಪ್ಯೂಟರಿನ ಡಿಸ್ಕ್ ಹಾಕಿದ್ದೆ, ಅದನ್ನು ತೆಗೆದು ಸಿಸಿಟಿವಿಗೆಂದೇ ಮಾಡಿದ 1 ಟಿಬಿ ಡಿಸ್ಕ್ ಹಾಕಿದೆ. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಎರಡೂ ಈ ಜಾತಿಯವೇ. ನಾಲ್ಕು ಕ್ಯಾಮೆರಾಗೆ ಹನ್ನೊಂದು ದಿನ ಬರುತ್ತದೆ. ಎರಡನೆಯ ಕಾರಣ ಡಿವಿಆರ್‌ನ ಗಡಿಯಾರ. ಒಳಗಿನ ಗುಂಡಿ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ರೆಕಾರ್ಡ್ ಆಗಿದ್ದೂ ಹಳೆಯ ತಾರೀಖಿನಡಿ ಅಡಗಿ ಕೂರುತ್ತಿತ್ತು. ಆಗಿಲ್ಲ ಅಂದುಕೊಂಡದ್ದು ಎಷ್ಟೋ ಸಲ ಆಗಿತ್ತು. ನಿಮ್ಮಲ್ಲೂ ಖಾಲಿ ಕಂಡರೆ ಮೊದಲು ಹಳೆಯ ತಾರೀಖುಗಳನ್ನು ಹುಡುಕಿ, ಆಮೇಲೆ ಫಾರ್ಮ್ಯಾಟ್ ಮಾಡಿ.

ಮೂರನೆಯ ಕಾರಣ ಇನ್ವರ್ಟರ್. ಅದು ಸಾಮಾನ್ಯ ಮೋಡಿನಲ್ಲಿತ್ತು, ಕರೆಂಟ್ ಹೋದ ಕ್ಷಣ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಡಿವಿಆರ್ ಸತ್ತು ಹುಟ್ಟುತ್ತಿತ್ತು. ಒಂದು ಸಲಕ್ಕೆ ಎರಡು ನಿಮಿಷ ಹೋದರೂ ಮಳೆಗಾಲದ ಒಂದು ದಿನದಲ್ಲಿ ಎಷ್ಟಾಯಿತು ನೋಡಿ. ಇನ್ವರ್ಟರಿನ ಹಿಂದಿರುವ ಸ್ವಿಚ್ಚನ್ನು, ಬ್ಯಾಟರಿಗೆ ಬೇಗ ಬದಲಾಗುವ ಯುಪಿಎಸ್ ಮೋಡಿಗೆ ಹಾಕಿದರೆ ಆ ತೊಂದರೆ ನಿಂತಿತು. ಆದರೆ ಫೆಬ್ರವರಿಯಲ್ಲಿ ಹೂವಿಗೆ ನೀರು ಹಾಯಿಸಲು ಸುತ್ತಮುತ್ತ ಸ್ಪ್ರಿಂಕ್ಲರ್ ಮೋಟಾರ್ ಹಾಕಿದಾಗ ವೋಲ್ಟೇಜ್ ಇಳಿಯುತ್ತದೆ. ಯುಪಿಎಸ್ ಮೋಡ್ ಅಷ್ಟು ಕಡಿಮೆ ವೋಲ್ಟೇಜನ್ನು ಒಪ್ಪುವುದಿಲ್ಲ, ಕರೆಂಟ್ ಇದ್ದೂ ಬ್ಯಾಟರಿಯಲ್ಲೇ ಓಡಿ ನಡುರಾತ್ರಿಗೆ ಬರಿದಾಗುತ್ತದೆ. ಹಾಗಾಗಿ ಇನ್ವರ್ಟರನ್ನು ಮೊದಲಿನಂತೆ ಬಿಟ್ಟು, ಡಿವಿಆರ್‌ಗೆ ಮಾತ್ರ 12 ವೋಲ್ಟಿನ ಪುಟ್ಟ ಯುಪಿಎಸ್ ಕೊಟ್ಟೆ. ಕೊಳ್ಳುವಾಗ ಆಂಪ್ಸ್ ನೋಡಿ. ಡಿಸ್ಕ್ ತಿರುಗಲು ಶುರುವಾಗುವಾಗ ಹೆಚ್ಚು ಎಳೆಯುತ್ತದೆ, ರೌಟರಿನ ಪುಟ್ಟ ಯುಪಿಎಸ್ ಅದಕ್ಕೆ ಸಾಲುವುದಿಲ್ಲ. ಮಾರ್ಚಿನಿಂದ ಕ್ಯಾಲೆಂಡರಿನಲ್ಲಿ ಡಿವಿಆರ್ ಹೆಸರು ಬರೆಯುವ ಕೆಲಸವೇ ಬೀಳಲಿಲ್ಲ.

ಮೂರನೆಯ ವ್ಯವಸ್ಥೆ ಎನ್‌ವಿಆರ್, ಅಂದರೆ ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡಿಂಗ್ ಪೆಟ್ಟಿಗೆ, ಜೊತೆಗೆ ಪಿಒಇ ಕ್ಯಾಮೆರಾ. ಚಿತ್ರದಲ್ಲಿ ಉಳಿದೆರಡೂ ಇದರ ಹತ್ತಿರ ಬರುವುದಿಲ್ಲ. ಪಿಒಇ ಅಂದರೆ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಚಿತ್ರವೂ ಕರೆಂಟೂ ಹೋಗುತ್ತದೆ. ಅದೂ 48 ವೋಲ್ಟಿನಲ್ಲಿ, ಹಾಗಾಗಿ 100 ಮೀಟರ್‌ವರೆಗೆ ಪಲ್ಪರ್ ಮನೆಯ ತೊಂದರೆ ಇಲ್ಲವೇ ಇಲ್ಲ. ಪೆಟ್ಟಿಗೆಗೆ ಒಂದು ಯುಪಿಎಸ್ ಕೊಟ್ಟರೆ ಎಲ್ಲ ಕ್ಯಾಮೆರಾಗೂ ಕೊಟ್ಟಂತೆ. ಖರ್ಚು ನನಗೆ ಡಿವಿಆರ್‌ನ ಹತ್ತಿರ ಹತ್ತಿರ ಎರಡರಷ್ಟಾಯಿತು. ಆದರೂ ಇದೇ ಗೆಲ್ಲುತ್ತದೆ ಅಂದುಕೊಂಡಿದ್ದೆ, ಏಪ್ರಿಲ್‌ವರೆಗೆ ಒಂದು ನಿಮಿಷವೂ ಬಿಟ್ಟಿರಲಿಲ್ಲ. ಮೊದಲ ಗುಡುಗು ಮಳೆಯಲ್ಲಿ ಕಣದ ಆಚೆ ಎಲ್ಲೋ ಸಿಡಿಲು ಬಡಿಯಿತು. ಸಿಲ್ವರ್ ಮರದ ಮೇಲೆ ಎಳೆದಿದ್ದ ಕೇಬಲ್ ಹಿಡಿದು ಬಂದು ಎರಡು ಪೋರ್ಟ್ ಸುಟ್ಟುಹಾಕಿತು. ಡಿವಿಆರ್ ಕೇಬಲ್‌ಗೂ ಹೀಗಾಗಬಹುದು. ಆದರೆ ಅಲ್ಲಿ ಹಾಳಾದರೆ ಬದಲಿಸುವ ಸಾಮಾನು ಅಗ್ಗ, ಮೂಡಿಗೆರೆ ಪೇಟೆಯಲ್ಲೇ ಸಿಗುತ್ತದೆ.

ಈಗ ಕಣಕ್ಕೆ ಡಿವಿಆರ್ ಉಳಿಸಿಕೊಂಡೆ. ಸಕಲೇಶಪುರದಲ್ಲಿ ಮನೆ ಕಟ್ಟಿಸುತ್ತಿರುವ ಭಾವ ಫೋನ್ ಮಾಡಿದಾಗ ಮಾತ್ರ, "ನೀವು ಪಿಒಇಯನ್ನೇ ಹಾಕಿ ಭಾವ, ಆದರೆ ಗೋಡೆ ಪ್ಲಾಸ್ಟರ್ ಆಗುವ ಮೊದಲೇ ಪೈಪ್ ಹುಗಿಸಿ, ಅಂಗಳ ದಾಟುವ ಕಡೆ ತಾಮ್ರದ ತಂತಿ ಬೇಡ, ಫೈಬರ್ ಎಳೆಸಿ. ಸಿಡಿಲು ಗಾಜಿನ ಎಳೆ ಹಿಡಿದು ಬರುವುದಿಲ್ಲ" ಅಂದೆ. ಮುಂದಿನ ವಾರ ಮಲ್ಟಿಮೀಟರ್ ಹಿಡಿದು ಹೋಗುತ್ತಿದ್ದೇನೆ.